ಬಿಳಿ ಎತ್ತಿನ ಮುಂಗಾಲು

ಗುಳೇದಗುಡ್ಡದಿಂದ ಬಾದಾಮಿ ಸ್ಟೇಶನ್ನಿಗೆ ರವಿಕೆ ಖಣದ ಗಂಟು ಸಾಗಿಸುವುದು ನಮ್ಮ ಮನೆಯ ಉದ್ಯೋಗ. ಗಾಡಿ ಹೊಡೆಯುವವರು ನನ್ನ ಮಾವ, ಗಂಟು ಕಾಯುವವಳು ನಾನು. ಏರು ಬಂತೆಂದರೆ ಇಳಿದು ಹಿಂದೆ ನಡೆಯಬೇಕು. ಹೀಗಾಗಿ ಎತ್ತಿನ ಹೆಜ್ಜೆ ನೋಡುವುದೇ ನನಗೆ ಗೀಳಾಯಿತು.

ನಮ್ಮ ಕಡೆ ಎತ್ತು ಕೊಳ್ಳುವಾಗ ಹಸಿ ಮಣ್ಣಿನಲ್ಲಿ ನಡೆಸಿ ನೋಡುತ್ತಾರೆ. ಮುಂಗಾಲು ಊರಿದಲ್ಲೇ ಹಿಂಗಾಲು ಬಿದ್ದರೆ ಎತ್ತು ಪಾಸು. ತಪ್ಪಿ ಬಿದ್ದರೆ ಸೊಂಟ ಕೆಟ್ಟಿದೆ ಎಂದು ತೀರ್ಪು; ಮುಂದೆ ಮಾತೇ ಇಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಬಿಳಿ ಎತ್ತಿನ ಬಲ ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳತೊಡಗಿತು. ಕರುವಾಗಿದ್ದಾಗ ತವರಿನಿಂದ ನನ್ನ ಜೊತೆ ಬಂದ ಎತ್ತು ಅದು. ವಾಸಿಯಾಗಲು ಸೊಂಟಕ್ಕೆ ಬರೆ ಹಾಕಿಸಬೇಕೆಂದು ಮಾವ ಅದನ್ನು ಲಾಳ ಬಡಿಯುವ ಸಾಹೇಬರ ಅಂಗಳಕ್ಕೆ ಹೊಡೆದುಕೊಂಡು ಹೋದರು. ಬರೆ ಕೀವಾಗಿ ಎತ್ತೊಂದು ನೆಲ ಹಿಡಿದದ್ದನ್ನು ನಾನು ತವರಿನಲ್ಲಿ ಕಂಡಿದ್ದೆ. ನಾನೂ ಬೆನ್ನು ಹತ್ತಿದೆ.

"ಮಾವಾರ, ಸೊಂಟ ಅಲ್ಲರಿ. ಮುಂಗಾಲು ನೋಯಾಕತ್ತೈತಿ."

"ಹಿಂಗಾಲು ತಪ್ಪಿದ್ದು ಕುರುಡಗೂ ಕಾಣ್ತೈತಿ. ನೀ ಸುಮ್ನಿರು."

"ಸುಮ್ನಿರಂಗಿಲ್ಲರಿ. ಹಸಿ ಮಣ್ಣಾಗ ಹಿಂಗಾಲು ಪೂರಾ ಊರೈತಿ. ಮುಂಗಾಲಿಂದು ನೋಡ್ರಿ, ಬರೇ ತುದಿ ತಾಗೈತಿ. ಅದು ನೋವಿಗೆ ಹಿಂದ ಉಳದೈತಿ, ಅದಕ್ಕ ಹಿಂಗಾಲು ದಾಟಿ ಬೀಳತೈತಿ."

ಮಾವನ ಸಿಟ್ಟು ನೆತ್ತಿಗೇರಿತು. ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗಿತ್ತು. ನಾನು ಎತ್ತಿನ ಸೊಂಟಕ್ಕೆ ಅಡ್ಡ ನಿಂತೆ.

"ನನ್ನ ದಾಟಿ ಹಾಕ್ರಿ, ನೋಡೋಣು!"

ಜಗಳ ಬೆಳೆಯುವುದು ಬೇಡವೆಂದೋ ಏನೋ, ಸಾಹೇಬರು ಮುಂಗಾಲು ಎತ್ತಿ ಲಾಳ ಬಿಚ್ಚಿದರು. ಮೊಳೆಯೊಂದು ಗೊರಸಿನ ಮಾಂಸಕ್ಕೆ ಹೊಕ್ಕಿತ್ತು. ಕಿತ್ತ ಕೂಡಲೇ ಕೀವು ಹರಿಯಿತು. ಸ್ವಲ್ಪ ಹೊತ್ತಿಗೆ ಎತ್ತು ಆ ಕಾಲನ್ನು ಮೆಲ್ಲಗೆ ಊರಿತು. ನಾನು ಹೋ ಎಂದು ಅತ್ತುಬಿಟ್ಟೆ.

ಅಷ್ಟಾದರೂ ಮಾವ ಹಸಿ ಬಟ್ಟೆ ಸುತ್ತಿ ಕಬ್ಬಿಣ ಎತ್ತಿಕೊಂಡರು. "ಹೆಂಗೂ ಕಾಸೇವಿ. ಒಂದು ಬರೆ ಇರ್ಲಿ."

ಎಲಾ ಇವರ! ಬಟ್ಟೆ ಗಿಟ್ಟೆ ನೋಡದೆ ಅವರ ಕೈಯಿಂದ ಕಸಿದುಕೊಂಡು ನೀರಿನ ಬಾನಿಯಲ್ಲಿ ಅದ್ದಿದೆ. ಚುಂಯ್ ಎಂದಿತು. ಹಗ್ಗ ಹಿಡಿದು ಎತ್ತನ್ನು ಮನೆಗೆ ಕರೆತಂದೆ.

ಸಾಯುವವರೆಗೂ ಅದರ ಮೈಮೇಲೆ ಒಂದೂ ಬರೆ ಬೀಳಲಿಲ್ಲ. ಬಿದ್ದದ್ದು ನನ್ನ ಬಲ ಅಂಗೈಗೆ, ಇನ್ನೂ ಇದೆ.