ಆಟಕ್ಕೆ ಬೆನ್ನು ಹಾಕಿ ನಿಂತವರು

ಕಳೆದ ಶುಕ್ರವಾರ ಬೆಳಿಗ್ಗೆ ನಮ್ಮ ಕ್ರಿಕೆಟ್ ಕಿಟ್ಟಿನ ತಳದಿಂದ ಬಿಳಿ ಕೈಗವಸುಗಳ ಜೋಡಿಯೊಂದು ಹೊರಬಂತು. ಬಿಳಿ ಎನ್ನುವುದು ಹಳೆಯ ಮಾತು. ಮೈದಾನದ ಧೂಳು ಕುಡಿದು ಅವು ಚಹಾದ ಬಣ್ಣಕ್ಕೆ ತಿರುಗಿದ್ದವು. ನೋವಿನ ಮುಲಾಮಿನ ವಾಸನೆ ಮಾತ್ರ ಇನ್ನೂ ಹಾಗೇ ಇತ್ತು...

ಅವು ಇಲ್ಲಿ ಗಲ್ಫಿನ ಅಲ್ ಖುವೈರ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಮೇಲ್ಮನೆಯವರವು. ಜಪಾನಿನವರು, ಎಂಜಿನಿಯರ್, ನನಗಿಂತ ಬಹಳ ಹಿರಿಯರು. ಲಿಫ್ಟಿನಲ್ಲಿ ನನ್ನ ಬ್ಯಾಟು ಕಂಡು, ವಿಶ್ವವಿದ್ಯಾಲಯದಲ್ಲಿದ್ದಾಗ ತಾವು ಬೇಸ್‌ಬಾಲ್ ತಂಡದ ಜೊತೆಗಿದ್ದುದಾಗಿ ಹೇಳಿದರು. ಒಳ್ಳೆಯ ಹೊಡೆತಗಾರರೊಬ್ಬರು ಸಿಕ್ಕಿದರೆಂದು ಖುಷಿಯಲ್ಲಿ ಮೈದಾನಕ್ಕೆ ಕರೆದೊಯ್ದೆ. ಅವರು ಗವಸು ತೊಟ್ಟು, ಕುರ್ಚಿಗಳಲ್ಲಿ ಕೂತಿದ್ದ ನಮ್ಮವರ ಮುಂದೆ ನೆಟ್ಟಗೆ ನಿಂತು, ಆಟಕ್ಕೆ ಪೂರ್ತಿ ಬೆನ್ನು ಹಾಕಿದರು.

"ಇವರಿಗೆ ಎಂತ ಸಿಟ್ಟು ಮಾರಾಯ? ಬ್ಯಾಟಿಂಗ್ ಕೊಡ್ಲಿಲ್ಲ ಅಂತವಾ?" ಎಂದು ನಮ್ಮ ಕ್ಯಾಪ್ಟನ್ ಕೇಳಿದ. ಅವನು ಉಳ್ಳಾಲದ ಬ್ಯಾರಿ, ಟೈಲ್ಸ್ ವ್ಯಾಪಾರಿ.

ಸಿಟ್ಟಲ್ಲ. ಅವರು ಆಟಗಾರರೇ ಆಗಿರಲಿಲ್ಲ, ಹುರಿದುಂಬಿಸುವ ದಳದ ನಾಯಕರಾಗಿದ್ದರು. ಬದ್ಧ ಎದುರಾಳಿ ವಿಶ್ವವಿದ್ಯಾಲಯದ ಮೇಲಿನ ಪಂದ್ಯಕ್ಕೆ ಅಲ್ಲಿ ಜನಸಾಗರವೇ ಸೇರುತ್ತಿತ್ತಂತೆ. ನಾಯಕ ಮಾತ್ರ ತನ್ನ ಕಡೆಯ ಜನರಿಗೆ ಮುಖ ಮಾಡಿ ನಿಲ್ಲಬೇಕು, ತಿರುಗಿ ಆಟ ನೋಡುವಂತಿಲ್ಲ. ಕೊನೆಗೆ ಗೆದ್ದವರೂ ಸೋತವರೂ ಎದುರಾಳಿಯ ಹೆಸರು ಕೂಗಿ ಜೈಕಾರ ಹಾಕಬೇಕು. ಆ ದೊಡ್ಡ ಪಂದ್ಯಗಳಲ್ಲಿ ಒಂದನ್ನೂ ತಾವು ಕಣ್ಣಾರೆ ಕಂಡಿಲ್ಲವೆಂದು ನಗುತ್ತಲೇ ಹೇಳಿದರು. ಆದರೆ ಆ ಮಾತು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿತು.

ನಮಗೆ ಬದ್ಧ ಎದುರಾಳಿ ಸುವೈಕ್ ಪಟ್ಟಣದ ಅಂಗಡಿಯವರ ತಂಡ. ಅವರೂ ನಮ್ಮೂರ ಕಡೆಯವರೇ, ಹಾಗಾಗಿ ಹೊಟ್ಟೆಕಿಚ್ಚು ಇನ್ನೂ ಹೆಚ್ಚು. ಸೋತ ದಿನ ಮುಖ ಊದಿಸಿಕೊಂಡು ಕಾರು ಹತ್ತಲು ಹೊರಟ ನಮ್ಮವರನ್ನು ಮೇಲ್ಮನೆಯವರು ಕೈಹಿಡಿದು ತಂದು ಸಾಲಾಗಿ ನಿಲ್ಲಿಸಿ, "ಸುವೈಕ್, ಸುವೈಕ್" ಎಂದು ಕೂಗಿಸುತ್ತಿದ್ದರು. ನಾವು ಕಷಾಯ ಕುಡಿದವರ ಹಾಗೆ ಕೂಗುತ್ತಿದ್ದೆವು.

ಅವರು ಜಪಾನಿಗೆ ಮರಳುವ ವಾರ ಸುವೈಕ್ ಮೇಲೆ ಪಂದ್ಯ ಬಿತ್ತು. ಇದೊಂದನ್ನಾದರೂ ಅವರಿಗೆ ತೋರಿಸಲೇಬೇಕೆಂದು ನಮಗೆ ಹಟ. ಕ್ಯಾಪ್ಟನ್ ಅವರ ಗವಸು ತೆಗೆಸಿ ನನ್ನ ಕೈಗೆ ತುರುಕಿದ. "ಖಲಾಸ್, ಇವತ್ತು ನೀನು ನಿಲ್ಲು. ಅವರು ಕೂತು ನೋಡ್ಲಿ."

ಹೇಗೂ ನನ್ನ ಬ್ಯಾಟಿಂಗಿನಿಂದ ತಂಡಕ್ಕೆ ಹೇಳಿಕೊಳ್ಳುವ ಉಪಕಾರವಿರಲಿಲ್ಲ. ಬೆನ್ನು ಹಾಕಿ ನಿಂತೆ, ಪಂದ್ಯವನ್ನೆಲ್ಲ ಅವರ ಮುಖದಲ್ಲೇ ನೋಡಿದೆ. ಚೆಂಡು ಮೇಲೆ ಹಾರಿದರೆ ಅವರ ಗದ್ದ ಮೇಲೆ, ವಿಕೆಟ್ ಬಿದ್ದರೆ ತಲೆಯ ಮೇಲೆ ಕೈ. ಸುವೈಕ್‌ನವರ ಬೌಂಡರಿಗೂ ಎದ್ದು ಕುಣಿದರು. ನಾವು ಸೋತೆವು. ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ.

ಹೋದ ತಿಂಗಳು ಅವರ ಮಗಳ ಸಂದೇಶ ಬಂತು... ಅವರು ಇನ್ನಿಲ್ಲ.

ಕಳೆದ ಶುಕ್ರವಾರದ ಪಂದ್ಯವೂ ಸುವೈಕ್ ಮೇಲೆಯೇ. ನಾನು ಆ ಗವಸು ತೊಟ್ಟು ನಿಂತೆ. ಎದುರಿನ ಸಾಲಿನಲ್ಲಿ ಅವರಿಗೆಂದು ಒಂದು ಕುರ್ಚಿಯನ್ನು ಖಾಲಿ ಬಿಟ್ಟಿದ್ದೆವು. ಅಂದು ಗೆದ್ದವರು ನಾವು. ಪದ್ಧತಿಯಂತೆ ಸುವೈಕ್‌ಗೆ ಜೈಕಾರ ಹಾಕಿದೆವು. ಸುವೈಕ್‌ನವರೂ ಸಾಲಾಗಿ ನಿಂತರು. ನಮ್ಮ ತಂಡದ ಹೆಸರು ಕೂಗಬೇಕಿತ್ತು. ಆ ಖಾಲಿ ಕುರ್ಚಿಯ ಕಡೆ ತಿರುಗಿ ನಮ್ಮ ಮೇಲ್ಮನೆಯವರ ಹೆಸರು ಕೂಗಿದರು.