ನರಗುಂದದವನು ನನ್ನ ಪರವಾಗಿ ಎದ್ದು ನಿಂತದ್ದು

ರ‍್ಯಾಪ್ ಎಂಬುದನ್ನು ನಮ್ಮ ಮನೆಗೆ ತಂದವನು ನನ್ನ ಅಣ್ಣ. ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ ಅವನ ಮೊಬೈಲ್ ಅಂಗಡಿ ಇತ್ತು. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದೇ ಆಗ ಅವನ ದೊಡ್ಡ ವ್ಯಾಪಾರ. ಹಾಗೆ ಬಂದ ಹಾಡುಗಳಲ್ಲಿ ಅಮೆರಿಕದ ಹುಡುಗರವೂ ಇದ್ದವು. ಅಲ್ಲಿ ಪೂರ್ವದ ಊರಿನವರು ಪಶ್ಚಿಮದವರನ್ನು ಬೈಯುತ್ತಾರೆ, ಅವರು ತಿರುಗಿ ಇವರನ್ನು ಬೈಯುತ್ತಾರೆ, ಎಲ್ಲ ತಾಳದ ಮೇಲೆ ಎಂದು ಅಣ್ಣ ಊಟದ ಹೊತ್ತಿನಲ್ಲಿ ವಿವರಿಸಿದ.

ಅಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಅವರು ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವವರು. ಒಂದು ಊರಿನ ಮೇಳ ಪದದಲ್ಲಿ ಸವಾಲು ಹಾಕಿದರೆ ಇನ್ನೊಂದು ಊರಿನ ಮೇಳ ನಿಂತಲ್ಲೇ ಜವಾಬು ಕೊಡಬೇಕು.

"ಇದರಾಗ ಹೊಸಾದೇನೈತಿ?" ಎಂದರು. "ಅಸೂಟಿಯವ್ರು ನಮಗ ಹಿಂಗಽ ಬೈತಿದ್ರು. ಪದಾ ಮುಗದ ಮ್ಯಾಲ ಅವ್ರನ್ನ ಕರದು ಉಣ್ಣಾಕ ಹಾಕ್ತಿದ್ವಿ."

ನಾನು ಆಗ ರೋಣದಲ್ಲಿ ಡಿಗ್ರಿ ಓದುತ್ತಿದ್ದೆ. ಬಸ್ಸಿನ ಕಿಟಕಿಯ ಸರಳಿಗೆ ಬೆರಳು ಬಡಿಯುತ್ತ ಸಾಲು ಕಟ್ಟುವುದು ರೂಢಿಯಾಯಿತು. ಅಣ್ಣ ಅವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಗಿರಾಕಿಗಳ ಕಾರ್ಡಿಗೆ ಸೇರಿಸುತ್ತಿದ್ದ. ಹುಡುಗಿಯೊಬ್ಬಳು ಹೀಗೆ ಒದರುವುದು ಕೆಲವರಿಗೆ ಸರಿಕಾಣಲಿಲ್ಲ. ಚೆನ್ನಾಗಿ ಕಟ್ಟುತ್ತೇನೆಂದು ನನಗೆ ಗೊತ್ತಿತ್ತು. ಆದ್ದರಿಂದ ನಿಲ್ಲಿಸಲಿಲ್ಲ.

ಒಂದು ಸಂಜೆ ಅಣ್ಣ ನರಗುಂದದಿಂದ ಬಂದ ಹಾಡೊಂದನ್ನು ಕೇಳಿಸಿದ. ಅಲ್ಲಿನ ಕಾಲೇಜು ಹುಡುಗನೊಬ್ಬ ಹಾಡಿದ್ದ:

"ಗಜೇಂದ್ರಗಡದಲ್ಲಿ ಏನಿದೆ ಗುರು? ಬರೀ ಕಲ್ಲು, ಬರೀ ಗಾಳಿ,
ಮಾತಾಡೋ ಬಾಯಿ ದೊಡ್ಡದು, ಒಳಗೆ ಡಬ್ಬ ಖಾಲಿ."

ಅಣ್ಣನಿಗೆ ಸಿಟ್ಟು ಬಂತು. ನನಗೆ ಖುಷಿಯಾಯಿತು. ಅಷ್ಟು ದೂರದ ಊರಿನವನೊಬ್ಬ ನನ್ನ ಪದ ಕೇಳಿ, ಕೂತು ಯೋಚಿಸಿ ಬೈದಿದ್ದಾನಲ್ಲ!

ಅವನಿಗೆ ಉತ್ತರ ಕೊಡುವ ಅವಕಾಶ ಬೇಗ ಒದಗಿತು. ಸುತ್ತಲಿನ ಕಾಲೇಜುಗಳ ಹಾಡಿನ ಸ್ಪರ್ಧೆ ರೋಣದಲ್ಲೇ ನಡೆಯಿತು. ಅಪ್ಪ ಅಂದು ಕೆಲಸ ಬಿಟ್ಟು ನನ್ನ ಜೊತೆ ಬಂದರು. ಭಾವಗೀತೆ, ಜಾನಪದ ಎಲ್ಲ ಮುಗಿದ ಮೇಲೆ ನರಗುಂದದ ಹುಡುಗನ ಸರದಿ. ತೆಳ್ಳಗಿದ್ದ, ಟೋಪಿ ಹಿಂದುಮುಂದಾಗಿತ್ತು. ಅದೇ ಹಾಡನ್ನು ನಮ್ಮೆಲ್ಲರ ಎದುರಿಗೆ ಹೇಳಿದ. ಸಭೆ ಶಿಳ್ಳೆ ಹೊಡೆಯಿತು. ನಂತರ ನನ್ನ ಹೆಸರು ಕರೆದರು. ಅಪ್ಪ ಮೆಲ್ಲಗೆ, "ಊರಿಗೆ ಬೈ. ಮನಿಮಂದಿ ಸುದ್ದಿಗೆ ಹೋಗಬ್ಯಾಡ," ಎಂದರು. ನಾನು ಮೈಕು ಹಿಡಿದೆ.

"ಗಾಳಿ ಅಂದ್ಯಲ್ಲೋ ತಮ್ಮಾ, ಗುಡ್ಡದ ಮ್ಯಾಲ ನೋಡು,
ಪಂಕಾ ತಿರುಗಿ ಲೈಟ್ ಬಂದ್ರ ಬರಿತೀ ನೀನು ಹಾಡು!
ಕಲ್ಲು ಅಂದ್ಯಲ್ಲೋ ತಮ್ಮಾ, ಕಲ್ಲಿನ ಮ್ಯಾಲ ನಿಂತೀವಿ,
ನಿಮ್ಮ ಎರಿಯಾಗ ಹುಗದ ಚಪ್ಪಲ ನಾವಽ ಹುಡುಕಿ ಕೊಡ್ತೀವಿ!"

ನಮ್ಮ ಗುಡ್ಡದ ಮೇಲಿನ ಗಾಳಿಪಂಕಗಳು ಕರೆಂಟು ತೆಗೆಯುವುದೂ, ನರಗುಂದದ ಕರಿ ಎರೆಮಣ್ಣು ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುವುದೂ ಅಲ್ಲಿ ಕುಳಿತಿದ್ದ ಪ್ರತಿಯೊಬ್ಬರಿಗೂ ಗೊತ್ತು. ಬೆಂಚು ಬಡಿಯುವ ಸದ್ದಿಗೆ ಮುಂದಿನ ಸಾಲನ್ನು ಎರಡು ಸಲ ಶುರುಮಾಡಬೇಕಾಯಿತು.

ಹೊರಗಿನಿಂದ ಬಂದಿದ್ದ ತೀರ್ಪುಗಾರರಿಗೆ ಮಾತ್ರ ನಗು ಬರಲಿಲ್ಲ. ಎದ್ದು ನಿಂತು, "ಇದು ಹಾಡೂ ಅಲ್ಲ, ಕವಿತೆಯೂ ಅಲ್ಲ. ಹುಡುಗನದು ಹೋಗಲಿ, ಹೆಣ್ಣುಮಗಳ ಬಾಯಲ್ಲಿ ಇಂಥ ಬೈಗುಳ ಶೋಭಿಸುವುದಿಲ್ಲ," ಎಂದರು. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ನರಗುಂದದವನು ಎದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಸರ್, ಆಕಿ ಬೈದದ್ದು ನಮ್ಮೂರಿಗೆ. ಬೈಸಿಕೊಂಡಾಂವ ನಾನು. ನಾನಽ ಚಲೋ ಐತಿ ಅನ್ನಾಕತ್ತೇನ್ರಿ. ನಿಮಗ್ಯಾಕ ತ್ರಾಸು?"

ನಗು ಮತ್ತೆ ಎದ್ದಿತು. ಬಹುಮಾನ ನಮ್ಮಿಬ್ಬರಿಗೂ ಬರಲಿಲ್ಲ, ಭಾವಗೀತೆಗೆ ಹೋಯಿತು. ಅದರ ಬಗ್ಗೆ ನನಗೇನೂ ಅನಿಸಲಿಲ್ಲ. ಹೊರಗೆ ಬಂದಾಗ ಅಪ್ಪ ಆ ಹುಡುಗನ ಹೆಗಲ ಮೇಲೆ ಕೈ ಹಾಕಿ ಆಗಲೇ ಅಂಗಡಿಯೊಂದರ ಕಡೆ ನಡೆಸಿದ್ದರು. ಮೂವರಿಗೂ ಗಿರಮಿಟ್ಟು, ಮಿರ್ಚಿ ಭಜಿ ಹೇಳಿದರು.

ಅವನು ಮಿರ್ಚಿ ಕಚ್ಚುತ್ತ, "ಒಂದ್ ಮಾತು ಹೇಳ್ಲೇನ್ರಿ?" ಎಂದ. "ನಿಮ್ಮ ಕಡೀ ಸಾಲು ಉದ್ದ ಆತು. ತಾಳ ಬಿಟ್ಟು ಹೊರಗ ಬಿದ್ದೈತಿ."

ಮನಸ್ಸಿನಲ್ಲೇ ಎಣಿಸಿ ನೋಡಿದೆ. ಖರೇ ಇತ್ತು.

"ನಿಮ್ಮದು ತಾಳ ಬರೋಬರಿ ಐತ್ರಿ," ಎಂದೆ. "ಆದ್ರ ಬೆಂಗಳೂರು ಬಸ್ಸಿನಿಂದ ಈಗಽ ಇಳದವ್ರಂಗ 'ಗುರು, ಗುರು' ಅಂತೀರಲ್ಲ, ಅದ್ಯಾಕ? ನರಗುಂದದವ್ರು ಸಿಟ್ಟು ಬಂದಾಗ ಹಂಗ ಮಾತಾಡ್ತಾರೇನು?"

"ಇಲ್ಲ ಬಿಡ್ರಿ," ಎಂದ.

ಅಪ್ಪ ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿಸಿದರು.

ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಅವನ ಮುಂದಿನ ಹಾಡು ಅಣ್ಣನ ಅಂಗಡಿಗೆ ಬಂತು. ಅದರಲ್ಲಿ 'ಗುರು' ಇರಲಿಲ್ಲ. ಅವನ ಓಣಿಯ ಮಾತು ಇತ್ತು, ಎತ್ತು ಹೊಡೆಯುವವರ ಕೂಗು ಇತ್ತು. ನಮ್ಮ ಗಡದ ಮೇಲಿನ ಗಾಳಿಗೆ ಮದುವೆ ಹಂದರ ಹಾರಿ ನರಗುಂದಕ್ಕೆ ಬಂದು ಬಿತ್ತೆಂದೂ, ಬೀಗರು ಅದರ ಹಿಂದೆ ಓಡಿಬಂದು ಅಲ್ಲೇ ಉಂಡು ಹೋದರೆಂದೂ ಹಾಡಿದ್ದ. ನನ್ನ ಪದಕ್ಕಿಂತ ಅದು ಚೆನ್ನಾಗಿತ್ತು. ಅಣ್ಣನಿಗೆ ಹಾಗೇ ಹೇಳಿ, ಅವತ್ತೇ ಜವಾಬು ಕಟ್ಟಲು ಕುಳಿತೆ. ನನ್ನ ಸಾಲುಗಳು ಆಮೇಲೆ ಉದ್ದವಾಗಲಿಲ್ಲ.

ಡಿಗ್ರಿ ಮುಗಿಯುವವರೆಗೂ ನಮ್ಮ ಹಾಡುಗಳು ಹೀಗೆ ನರೇಗಲ್ಲು, ರೋಣ ದಾಟಿ ಹೋಗಿಬಂದವು. ಒಂದು ದಿನ ರೋಣದ ಬಸ್ ನಿಲ್ದಾಣದಲ್ಲಿ ನನ್ನ ತರಗತಿಯ ಹುಡುಗರು ನನ್ನನ್ನು ಸುತ್ತುವರಿದರು. ಮುಖ ಗಂಭೀರವಾಗಿತ್ತು. ಅವರಲ್ಲೊಬ್ಬ ಮುಂದೆ ಬಂದ.

"ಅಲ್ಲವ್ವಾ, ದಿನಾ ನಮ್ಮೂರಿಗೆ ಬಂದು ಕಲೀತಿ. ಅಂವಾ ನಿಮ್ಮೂರಿಗೆ ಬೈತಾನ, ನೀ ಅವ್ರೂರಿಗೆ ಬೈತಿ. ನಮ್ಮ ರೋಣಕ್ಕ ಒಬ್ರೂ ಬೈಯವಲ್ರು. ನಾವೇನು ಲೆಕ್ಕಕ್ಕಿಲ್ಲೇನು?"

ಅದು ನ್ಯಾಯವಾದ ದೂರು. ಗಜೇಂದ್ರಗಡದ ಬಸ್ಸು ಬರುವುದರೊಳಗೆ ರೋಣಕ್ಕೆ ಎರಡು ಸಾಲು ಕಟ್ಟಿ, ಅವರ ಎದುರಿಗೇ ಹಾಡಿ, ಬಸ್ಸು ಹತ್ತಿದೆ.