ಓದದೆ ಬಿಟ್ಟ ಎರಡು ಹೆಸರು

ನಿಂಗವ್ವಕ್ಕಾ, ನಿಮ್ಮ ಕಾರ್ಡನ್ನು ನಾನು ಬೇಕೆಂದೇ ಓದಲಿಲ್ಲ. ಅದು ಅಂಚೆಯಲ್ಲಿ ಕಳೆದುಹೋಗಲಿಲ್ಲ, ವೇಳೆ ಸಾಲದೆ ಉಳಿಯಲೂ ಇಲ್ಲ — ನಾನೇ ಮೇಜಿನ ಖಾನೆಗೆ ತಳ್ಳಿದೆ.

ಆಗ ನಾನು ಕೊಪ್ಪಳದಿಂದ ಬಸ್ಸಿನಲ್ಲಿ ಬಾನುಲಿ ಕೇಂದ್ರಕ್ಕೆ ಹೋಗಿಬರುತ್ತಿದ್ದ ಉದ್ಘೋಷಕ. ಬುಧವಾರ ಮಧ್ಯಾಹ್ನ ಅರವತ್ತರ ದಶಕದ ಚಿತ್ರಗೀತೆಗಳು. ಕೇಳುಗರ ಕೋರಿಕೆ ಕಾರ್ಡುಗಳ ತುಂಬ ಬರೀ ಹೆಸರುಗಳು. ತಮ್ಮ ಹೆಸರು ರೇಡಿಯೋದಲ್ಲಿ ಬರಲೆಂದು ಇಡೀ ಓಣಿಯೇ ಕಾಯುತ್ತಿತ್ತು. ಓದುವ ದನಿ ನನ್ನದು — ಅಬ್ಬಾ, ಎಷ್ಟು ಸೊಕ್ಕಿತ್ತು ನನಗೆ!

ತಳಕಲ್ಲಿನಿಂದ ನೀವು ಬರೆದ ಮೊದಲ ಕಾರ್ಡು ನೆನಪಿದೆಯೆ? 'ಹಾಡಿನ ನಡುವ ಭಾಳ ಮಾತಾಡ್ತೀರಿ. ಒಂಚೂರು ಬಾಯಿ ಮುಚ್ಕೊಂಡು ಹಾಡು ಕೇಳಸ್ರಿ.' ಜೊತೆಯವರು ಅದನ್ನು ಗೋಡೆಗೆ ಅಂಟಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ತಿಂಗಳ ಮೇಲೆ ಎರಡನೆಯದು ಬಂತು. 'ಗಂಗಾವತಿಯ ನನ್ನ ತಂಗಿ ಶಾಂತವ್ವಗ. ಸಿಟ್ಟಿನಾಗ ಮನಿಗೆ ಬರಬ್ಯಾಡ ಅಂದಿದ್ದೆ. ತಪ್ಪಾತು. ಮಾರಿ ತೋರ್ಸಾಕ ನಾಚಿಕಿ ಆಗತೈತಿ. ಮಗಳ ಮದುವಿಗೆ ಬಾ ಅಂತ ಹೇಳ್ರಿ, ಆಕಿ ಬುಧವಾರ ತಪ್ಪದ ಕೇಳ್ತಾಳ. ಮದುವಿ ಗದ್ದಲದಾಗ ನನಗ ರೇಡಿಯೋ ಕೇಳಾಕ ಆಗಂಗಿಲ್ಲ. ಹಾಡು ಯಾವುದಾರ ಹಾಕ್ರಿ, ನಮ್ಮಿಬ್ಬರ ಹೆಸರು ಕೂಡಿಸಿ ಓದ್ರಿ.'

ಬಾಯಿ ಮುಚ್ಚಿಕೊಳ್ಳಲು ಹೇಳಿದವರು ನೀವೇ ಅಲ್ಲವೆ? ಮುಚ್ಚಿಕೊಂಡೆ. ಮದುವೆಯ ದಿನ ದಾಟುವವರೆಗೂ.

ಮರುವರ್ಷ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಕೊಪ್ಪಳದ ಗಾಡಿ ಹೋಯಿತೇ ಎಂದು ಕೇಳಿದೆ. ಪಕ್ಕದ ಹೆಂಗಸು ನನ್ನ ದನಿಯ ಗುರುತು ಹಿಡಿದು ತಮ್ಮ ಹೆಸರು ಹೇಳಿದರು. ನಿಮ್ಮ ಶಾಂತವ್ವ.

"ಅಕ್ಕ ನಿಮಗ ಕಾರ್ಡ್ ಬರದಾಳ ಅಂತ ಊರಾಗಿನವರು ಹೇಳಿದ್ರು. ಮದುವಿ ಮುಗಿಯೂತನಾ ರೇಡಿಯೋ ಮುಂದ ಕುಂತೇನ್ರಿ. ಎಲ್ಲಾರ ಹೆಸರೂ ಓದಿದ್ರಿ, ನಂದೊಂದು ಬರಲಿಲ್ಲ. ಊರಾಗಿನವರ ಮಾತು ಸುಳ್ಳಿರಬೇಕು, ಆಕಿಗೆ ನಾ ಬ್ಯಾಡಾಗೇನಿ."

ಆಗಲಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು — "ಹೌದೇನ್ರಿ" ಎಂದಷ್ಟೇ ಅಂದು ಬಂದ ಬಸ್ಸು ಹತ್ತಿದೆ.

ನೀವು ಕರೆಯಲಿಲ್ಲವೆಂದು ಅವರು, ಕೇಳಿಯೂ ಬರಲಿಲ್ಲವೆಂದು ನೀವು — ಇಷ್ಟು ವರ್ಷ. ನಡುವೆ ನಾನೊಬ್ಬ, ಎಲ್ಲ ಗೊತ್ತಿದ್ದೂ. ಹಳೆಯ ಹಾಡು ಎಲ್ಲಿ ಕೇಳಿದರೂ ಈಗ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ಕಾರ್ಡು ನನ್ನಲ್ಲಿಯೇ ಇದೆ. ನಾಳೆ ಬೆಳಿಗ್ಗೆ ಗಂಗಾವತಿಗೆ ಹೋಗಿ ಶಾಂತವ್ವನವರ ಬಾಗಿಲಲ್ಲಿ ನಿಂತು ಓದುತ್ತೇನೆ, ನಿಮ್ಮಿಬ್ಬರ ಹೆಸರು ಕೂಡಿಸಿ. ಅಲ್ಲಿಂದ ನಿಮ್ಮ ಮನೆಗೆ. ನೀವು ಎಷ್ಟು ಬೇಕಾದರೂ ಬೈಯಿರಿ, ಅಕ್ಕಾ. ನಡುವೆ ಮಾತಾಡುವುದಿಲ್ಲ.